ತೂಕ-ಎತ್ತರದ ಲೆಕ್ಕ ವಿಮೆ ಕಂಪನಿಯ ಕೈಗೆ ಸಿಕ್ಕಿದ್ದು ಹೇಗೆ? (ವಿಮೆಯ ಕಥೆ – ಭಾಗ 7)

ಮೂರು ನೈಟ್ ಶಿಫ್ಟ್ ಮುಗಿಸಿ ಎರಡು ದಿನ ರಜೆ ಸಿಕ್ಕಿದೆ, ಹಾಗಾಗಿ ಈ ಸಲದ ಭಾಗ ಸ್ವಲ್ಪ ಉದ್ದ. ಕಾಫಿ ಲೋಟ ಹಿಡ್ಕೊಂಡೇ ಕೂತ್ಕೊಳ್ಳಿ.

ಕಳೆದ ಭಾಗದಲ್ಲಿ ನಮ್ಮ ಮೈಸೂರು ಸಂಸ್ಥಾನದವರು 1891ರಲ್ಲೇ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಸರ್ಕಾರಿ ನೌಕರರಿಗೆ ವಿಮೆ ಶುರು ಮಾಡಿದ್ದನ್ನು ಬರೆದಿದ್ದೆ. ಅದೇ ಇವತ್ತಿನ ಕೆಜಿಐಡಿ. ಮೇಷ್ಟ್ರುಗಳಾಗಿದ್ದ ನಮ್ಮ ಮಾವಂದಿರೆಲ್ಲ ಸಂಬಳದಲ್ಲಿ ಕಟಾವಾಗುತ್ತಿದ್ದ ಆ ಹಣ ನೆನಪು ಮಾಡಿಕೊಂಡು ಬರೆದಿದ್ದು ಓದಿ ತುಂಬ ಖುಷಿಯಾಯಿತು. ಆದರೆ ಆ ಪೋಸ್ಟ್ ಓದಿದ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ಒಂದು ಪತ್ರದ ಫೋಟೋ ಕಳಿಸಿದ. ಅವನು ಊರಲ್ಲಿ ಹೆಂಡತಿ ಮಕ್ಕಳಿಗೂ ಸೇರಿಸಿ ಆರೋಗ್ಯ ವಿಮೆಗೆ ಅರ್ಜಿ ಹಾಕಿದ್ದ. ಕಂಪನಿಯವರು ಉತ್ತರ ಬರೆದಿದ್ದಾರೆ: ನಿಮ್ಮ ಬಿಎಂಐ 27.6 ಇದೆ, ಆದ್ದರಿಂದ ಪ್ರೀಮಿಯಂ ಮೇಲೆ ಲೋಡಿಂಗ್ ಹಾಕುತ್ತೇವೆ, ಒಪ್ಪಿಗೆ ಇದ್ದರೆ ತಿಳಿಸಿ ಅಂತ. ಇವನ ಎತ್ತರ 168 ಸೆಂಟಿಮೀಟರ್, ತೂಕ 78 ಕಿಲೋ. "ಅಕ್ಕ, ನನಗೆ ಶುಗರ್ ಇಲ್ಲ, ಬಿಪಿ ಇಲ್ಲ. ದಿನಾ ತೋಟದಲ್ಲಿ ಓಡಾಡ್ತೀನಿ. ನಾನು ದಪ್ಪ ಅಂತ ತೀರ್ಮಾನ ಮಾಡೋಕೆ ಇವರು ಯಾರು?" ಅಂತ ಕೇಳಿದ. ಏಜೆಂಟ್ ಬೇರೆ ಅವನಿಗೆ ಒಂದು ಉಪಾಯ ಹೇಳಿಕೊಟ್ಟಿದ್ದಾನೆ: ಬೇರೆ ಕಂಪನಿಗೆ ಹಾಕೋಣ ಸಾರ್, ತೂಕ 70 ಅಂತ ಬರೆದುಬಿಡಿ, ಯಾರು ತೂಕ ಹಾಕಿ ನೋಡ್ತಾರೆ?

ಆ ಉಪಾಯದ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು "ಇವರು ಯಾರು" ಅನ್ನೋದಕ್ಕೆ ಉತ್ತರ. ಅದು ಸುಮಾರು ಇನ್ನೂರು ವರ್ಷದ ಕಥೆ.

ಈ ಲೆಕ್ಕ ಹುಟ್ಟಿಸಿದವರು ಡಾಕ್ಟರ್ ಅಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಅಂತ, 1796ರಲ್ಲಿ ಗೆಂಟ್ ಊರಲ್ಲಿ ಹುಟ್ಟಿದವರು. ಗಣಿತ ಮತ್ತು ಖಗೋಳ ಶಾಸ್ತ್ರದವರು, ಬ್ರಸೆಲ್ಸ್‌ನ ವೀಕ್ಷಣಾಲಯ ಕಟ್ಟಿಸಿ ನಡೆಸಿದವರು. ಆಗಿನ ಕಾಲದಲ್ಲಿ ಒಂದು ನಕ್ಷತ್ರದ ಜಾಗವನ್ನು ಹತ್ತು ಜನ ಅಳೆದರೆ ಹತ್ತು ಉತ್ತರ ಬರುತ್ತಿತ್ತು; ಅವುಗಳ ನಡುವಿನ ಸರಾಸರಿಯನ್ನು ನಿಜ ಅಂತ ಇಟ್ಟುಕೊಳ್ಳುತ್ತಿದ್ದರು. ಕೆಟ್ಲೆ ಅದೇ ಕಣ್ಣಿಂದ ಮನುಷ್ಯರನ್ನು ನೋಡಿದರು. ಸ್ಕಾಟ್ಲೆಂಡಿನ 5,738 ಸೈನಿಕರ ಎದೆಯ ಸುತ್ತಳತೆ ತೆಗೆದುಕೊಂಡು, ಅದೂ ನಕ್ಷತ್ರದ ಅಳತೆಗಳ ಹಾಗೇ ನಡುವಿನ ಒಂದು ಸಂಖ್ಯೆಯ ಅಕ್ಕಪಕ್ಕ ಗುಂಪುಗೂಡುತ್ತೆ ಅಂತ ತೋರಿಸಿದರು. 1835ರ ಅವರ ಪುಸ್ತಕದಲ್ಲಿ 'ಸರಾಸರಿ ಮನುಷ್ಯ' ಅನ್ನುವ ಒಬ್ಬ ಕಲ್ಪನೆಯ ಮನುಷ್ಯ ಇದ್ದಾನೆ. ದೊಡ್ಡವರಲ್ಲಿ ತೂಕವು ಎತ್ತರದ ವರ್ಗಕ್ಕೆ ಹೆಚ್ಚು ಕಡಿಮೆ ಅನುಪಾತದಲ್ಲಿರುತ್ತೆ ಅಂತ ಗಮನಿಸಿದ್ದೂ ಅವರೇ. ಅಂದರೆ ಕಿಲೋವನ್ನು ಮೀಟರಿನ ವರ್ಗದಿಂದ ಭಾಗಿಸುವ ಲೆಕ್ಕ. 1.68 ಗುಣಿಸು 1.68 ಅಂದರೆ 2.82, 78 ಭಾಗಿಸು 2.82, ನಮ್ಮ ತಮ್ಮನ 27.6 ಬಂತು. ಅಷ್ಟೇ. ಯಾರಿಗೆ ಬೊಜ್ಜು, ಯಾರು ಬೇಗ ಸಾಯ್ತಾರೆ ಅನ್ನುವ ಪ್ರಶ್ನೆಯೇ ಕೆಟ್ಲೆಯವರಿಗೆ ಇರಲಿಲ್ಲ. ಜನಸಮೂಹ ಹೇಗಿದೆ ಅಂತ ತಿಳಿಯೋದು ಅವರ ಕೆಲಸ, ಒಬ್ಬ ಮನುಷ್ಯನ ಜಾತಕ ಬರೆಯೋದಲ್ಲ.

ಯಾರು ಬೇಗ ಸಾಯ್ತಾರೆ ಅನ್ನುವ ಪ್ರಶ್ನೆ ಇದ್ದದ್ದು ವಿಮೆ ಕಂಪನಿಗಳಿಗೆ. ಅವರ ಅಂಗಡಿಯ ಸರಕೇ ಅದು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಜೀವ ವಿಮೆ ದೊಡ್ಡ ವ್ಯಾಪಾರ ಆಗಿತ್ತು. ಕಂಪನಿಗಳು ಡಾಕ್ಟರನ್ನು ಇಟ್ಟುಕೊಂಡು ಅರ್ಜಿ ಹಾಕಿದವರನ್ನು ಪರೀಕ್ಷೆ ಮಾಡಿಸುತ್ತಿದ್ದವು. ಎಕ್ಸ್‌ರೇ ಇನ್ನೂ ಆಗಷ್ಟೇ ಕಣ್ಣು ಬಿಟ್ಟಿತ್ತು, ರಕ್ತ ಪರೀಕ್ಷೆ ಇವತ್ತಿನ ಹಾಗೆ ಇರಲಿಲ್ಲ, ಬಿಪಿ ಅಳೆಯೋದೂ ಬಳಕೆಗೆ ಬಂದಿರಲಿಲ್ಲ. ಖರ್ಚಿಲ್ಲದೆ ಎಲ್ಲರಲ್ಲೂ ಅಳೆಯಬಹುದಾದದ್ದು ಎರಡೇ: ಎತ್ತರ, ತೂಕ. 1897ರಲ್ಲಿ ಕಂಪನಿಗಳ ವೈದ್ಯಾಧಿಕಾರಿಗಳ ಸಂಘದ ಮುಂದೆ ಒಂದು ಪಟ್ಟಿ ಬಂತು. 74 ಸಾವಿರಕ್ಕೂ ಹೆಚ್ಚು ಗಂಡಸರ ಎತ್ತರ-ತೂಕದ ಸರಾಸರಿ, ವಯಸ್ಸಿನ ಪ್ರಕಾರ. ಬಟ್ಟೆ, ಬೂಟು ಹಾಕಿಕೊಂಡೇ ನಿಂತ ಗಂಡಸರು. ವಿಮೆ ಕೊಂಡುಕೊಳ್ಳುವಷ್ಟು ಅನುಕೂಲ ಇದ್ದವರು. ಈ ಎರಡು ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದು ತಮಾಷೆ ಏನೆಂದರೆ, ಆಗ ಕಂಪನಿಗಳಿಗೆ ಭಯ ಇದ್ದದ್ದು ದಪ್ಪಗಿದ್ದವರಿಗಿಂತ ಹೆಚ್ಚಾಗಿ ಸಣ್ಣಗಿದ್ದವರ ಬಗ್ಗೆ. ಕಾರಣ ಕ್ಷಯ. 25 ವರ್ಷದ ಹುಡುಗ ಸೊರಗಿದ್ದಾನೆ ಅಂದರೆ ನಾಳೆ ಕೆಮ್ಮಿ ಸಾಯಬಹುದು ಅಂತ ಲೆಕ್ಕ. 1885ರಿಂದ 1908ರವರೆಗಿನ ಪಾಲಿಸಿಗಳನ್ನು ಹಲವು ಕಂಪನಿಗಳವರು ಒಟ್ಟುಗೂಡಿಸಿ 1912ರಿಂದ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ ಇದು ಕಾಣಿಸುತ್ತೆ: ಚಿಕ್ಕ ವಯಸ್ಸಿನವರಲ್ಲಿ ಸರಾಸರಿಗಿಂತ ಸ್ವಲ್ಪ ಹೆಚ್ಚು ತೂಕ ಇದ್ದವರೇ ಹೆಚ್ಚು ಬದುಕಿದ್ದರು, 35 ದಾಟಿದ ಮೇಲೆ ಉಲ್ಟಾ, ಸರಾಸರಿಗಿಂತ ಸ್ವಲ್ಪ ಕಡಿಮೆ ಇದ್ದವರು. ನಮ್ಮಜ್ಜಿ ರಜೆಗೆ ಬಂದ ಮೊಮ್ಮಕ್ಕಳ ಕೈ ಹಿಡಿದು ನೋಡಿ "ಮೈ ಕೈ ತುಂಬಿಕೊಂಡಿದೆ, ಸದ್ಯ" ಅನ್ನುತ್ತಿದ್ದರಲ್ಲ, ನ್ಯೂಯಾರ್ಕಿನ ಕಂಪನಿ ಡಾಕ್ಟರ ಕಣ್ಣೂ ನಮ್ಮಜ್ಜಿಯ ಕಣ್ಣೂ ಒಂದೇ ಆಗಿತ್ತು. ಕ್ಷಯದಲ್ಲಿ ಮಕ್ಕಳನ್ನು ಕಳೆದುಕೊಂಡ ತಲೆಮಾರಿನ ಕಣ್ಣು ಅದು.

ದಪ್ಪದ ಕಡೆಗೆ ಗಮನ ತಿರುಗಿಸಿದವರಲ್ಲಿ ಮೊದಲಿಗರು ನ್ಯೂಯಾರ್ಕ್ ಲೈಫ್ ಕಂಪನಿಯ ಡಾಕ್ಟರ್ ಆಸ್ಕರ್ ರಾಜರ್ಸ್. 1901ರಲ್ಲಿ ಅವರು ತಮ್ಮ ಕಂಪನಿಯ ದಾಖಲೆ ನೋಡಿ, ತುಂಬ ತೂಕದವರಲ್ಲಿ ಸಾವು ನಿರೀಕ್ಷೆಗಿಂತ ಹೆಚ್ಚು ಅಂತ ಹೇಳಿದರು. ಅದಾದ ಮೇಲೆ ಅವರೂ, ಅದೇ ಕಂಪನಿಯ ಲೆಕ್ಕಶಾಸ್ತ್ರಜ್ಞ ಆರ್ಥರ್ ಹಂಟರ್ ಅವರೂ ಸೇರಿ ಒಂದು ಪದ್ಧತಿ ತಂದರು. ಇದು ಮುಖ್ಯ, ಯಾಕೆಂದರೆ ತಮ್ಮನ ಪತ್ರದಲ್ಲಿರುವ 'ಲೋಡಿಂಗ್' ಇದರ ಮೊಮ್ಮಗ. ಸಾಮಾನ್ಯ ಮನುಷ್ಯನಿಗೆ 100 ಅಂಕ. ತೂಕ ಜಾಸ್ತಿ ಇದ್ದರೆ ಇಷ್ಟು ಕೂಡು. ಅಪ್ಪ ಅಮ್ಮ ದೀರ್ಘಾಯುಷಿಗಳಾಗಿದ್ದರೆ ಇಷ್ಟು ಕಳೆ. ಕಷ್ಟದ ಕೆಲಸ, ಕೂಡು. ಕೊನೆಗೆ ಬಂದ ಮೊತ್ತವೇ ನಿನ್ನ ಬೆಲೆ. ಅದಕ್ಕೆ ಮುಂಚೆ ಡಾಕ್ಟರಿಗೆ ಅನುಮಾನ ಬಂದರೆ ಅರ್ಜಿ ತಿರಸ್ಕಾರ, ಅಷ್ಟೇ. ಹೌದು ಇಲ್ಲವೇ ಇಲ್ಲ. ಈಗ ತಿರಸ್ಕಾರದ ಬದಲು 'ಕೊಡ್ತೀವಿ, ಆದರೆ ಹೆಚ್ಚು ದುಡ್ಡಿಗೆ' ಅನ್ನೋದು ಸಾಧ್ಯವಾಯಿತು. ಅದನ್ನು ಬರೀ ದುರಾಸೆ ಅಂತ ನಾನು ಹೇಳಲಾರೆ. ಎಷ್ಟೋ ಜನಕ್ಕೆ ಬಾಗಿಲು ತೆರೆದದ್ದೂ ಅದೇ ಪದ್ಧತಿ. ಇವತ್ತಿಗೂ ಅಮೆರಿಕದ ಜೀವ ವಿಮೆಯಲ್ಲಿ ತೂಕ ಜಾಸ್ತಿ ಆದಂತೆ 'ಟೇಬಲ್' ಏರುತ್ತೆ, ಒಂದೊಂದು ಮೆಟ್ಟಿಲಿಗೆ ಸಾಮಾನ್ಯ ದರದ ಮೇಲೆ ಶೇ. 25. ನಾಲ್ಕು ಮೆಟ್ಟಿಲು ಹತ್ತಿದರೆ ಪ್ರೀಮಿಯಂ ಎರಡರಷ್ಟು.

ಆ ಕಾಲದ ಕಂಪನಿ ಡಾಕ್ಟರುಗಳು ಇನ್ನೊಂದು ಅಳತೆ ತೆಗೆಯುತ್ತಿದ್ದರು: ಹೊಟ್ಟೆಯ ಸುತ್ತಳತೆ. ಉಸಿರು ಎಳೆದುಕೊಂಡಾಗಿನ ಎದೆಗಿಂತ ಹೊಟ್ಟೆ ದೊಡ್ಡದಿದ್ದರೆ ಅದು ಕೆಟ್ಟ ಲಕ್ಷಣ ಅಂತ ಅವರಿಗೆ ಗೊತ್ತಿತ್ತು. ನಮ್ಮ ಎಲ್‌ಐಸಿ ಮೆಡಿಕಲ್ ಮಾಡಿಸಿಕೊಂಡ ಹಿರಿಯರಿಗೆ ನೆನಪಿರಬಹುದು, ಡಾಕ್ಟರು ಟೇಪು ಹಿಡಿದು ಎದೆ, ಹೊಟ್ಟೆ ಎರಡನ್ನೂ ಅಳೆದು ಬರೆದುಕೊಳ್ಳುತ್ತಿದ್ದರು. ಇದೆಂಥ ದರ್ಜಿ ಕೆಲಸ ಅಂತ ನಾವು ನಗುತ್ತಿದ್ದೆವು. ಮುಂದೆ ನೋಡಿ, ಆ ಟೇಪೇ ತಕ್ಕಡಿಗಿಂತ ಬುದ್ಧಿವಂತ ಅಂತ ಆಯಿತು.

ಈಗ ಮೆಟ್ರೊಪಾಲಿಟನ್ ಲೈಫ್ ಕಥೆ. ಮ್ಯಾನ್‌ಹ್ಯಾಟನ್‌ನ ಮ್ಯಾಡಿಸನ್ ಸ್ಕ್ವೇರ್ ಹತ್ತಿರ ದೊಡ್ಡ ಗಡಿಯಾರ ಇರುವ ಅವರ ಗೋಪುರ ಇದೆ. 1909ರಲ್ಲಿ ಮುಗಿದಾಗ ಪ್ರಪಂಚದಲ್ಲೇ ಎತ್ತರದ ಕಟ್ಟಡ ಅದು, 1913ರವರೆಗೆ. ಕಳೆದ ವರ್ಷ ಅಮ್ಮ ಬಂದಿದ್ದಾಗ ಕರ್ಕೊಂಡು ಹೋಗಿ ತೋರಿಸಿದ್ದೆ, "ವಿಮೆ ದುಡ್ಡಲ್ಲಿ ಇಷ್ಟೆತ್ತರ ಕಟ್ಟಿದ್ದಾರಾ" ಅಂತ ಕತ್ತೆತ್ತಿ ನೋಡಿದ್ದರು. ಆ ದುಡ್ಡು ಬಂದದ್ದು ಬಡವರಿಂದ. ಏಜೆಂಟ್ ವಾರ ವಾರ ಮನೆ ಬಾಗಿಲಿಗೆ ಬಂದು ಕೆಲವು ಸೆಂಟು ವಸೂಲಿ ಮಾಡಿಕೊಂಡು ಹೋಗುವ ವಿಮೆ, ಹೆಚ್ಚಾಗಿ ಮಣ್ಣಿನ ಖರ್ಚಿಗೆ.

ಅದೇ 1909ರಲ್ಲಿ ಲಿಲಿಯನ್ ವಾಲ್ಡ್ ಅನ್ನುವ ನರ್ಸ್, ಕಂಪನಿಯ ಲೀ ಫ್ರಾಂಕೆಲ್ ಅವರನ್ನು ಒಪ್ಪಿಸಿ ಒಂದು ಕೆಲಸ ಶುರು ಮಾಡಿಸಿದರು. ಪಾಲಿಸಿದಾರರು ಕಾಯಿಲೆ ಬಿದ್ದರೆ ಕಂಪನಿಯ ಖರ್ಚಲ್ಲಿ ನರ್ಸ್ ಅವರ ಮನೆಗೇ ಹೋಗೋದು. ಬಾಣಂತನ, ನ್ಯುಮೋನಿಯಾ, ಕ್ಷಯ, ಮಕ್ಕಳ ಆರೈಕೆ. ವಾಲ್ಡ್ ಅವರು ಅದಕ್ಕೂ ಮೊದಲೇ, 1893ರಿಂದ, ವಲಸೆ ಬಂದ ಬಡವರ ಓಣಿಗಳಲ್ಲಿ ಮಹಡಿ ಮಹಡಿ ಹತ್ತಿ ಶುಶ್ರೂಷೆ ಮಾಡುತ್ತಿದ್ದವರು. ನಮ್ಮ ನರ್ಸಿಂಗ್ ಪುಸ್ತಕದಲ್ಲಿ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಕಂಪನಿಗೆ ಇದರಲ್ಲಿ ಲಾಭ ಇತ್ತು, ಪಾಲಿಸಿದಾರ ಬದುಕಿದಷ್ಟು ದಿನ ಕಂತು ಬರುತ್ತೆ. ಆದರೂ ಒಂದು ವಿಮೆ ಕಂಪನಿ ಸಾವು ಕಡಿಮೆ ಮಾಡಲು ತಾನೇ ನರ್ಸನ್ನು ಕಳಿಸಿದ ಆ 44 ವರ್ಷ ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಇಷ್ಟವಾದ ಭಾಗ. 1953ರಲ್ಲಿ ಅದನ್ನು ನಿಲ್ಲಿಸಿದರು.

ನರ್ಸುಗಳು ಹೋದರು, ಪಟ್ಟಿ ಉಳಿಯಿತು. ಆ ಪಟ್ಟಿಯ ಯಜಮಾನರು ಲೂಯಿಸ್ ಡಬ್ಲಿನ್, ಕಂಪನಿಯ ಸಂಖ್ಯಾಶಾಸ್ತ್ರಜ್ಞ. ಲಿಥುವೇನಿಯಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ವಲಸೆ ಬಂದವರು, ಅವರೂ 1909ರಲ್ಲೇ ಕಂಪನಿ ಸೇರಿದವರು. 1942ರಲ್ಲಿ ಹೆಂಗಸರಿಗೆ, 1943ರಲ್ಲಿ ಗಂಡಸರಿಗೆ ಅವರ 'ಆದರ್ಶ ತೂಕ'ದ ಪಟ್ಟಿ ಬಂತು. ಹಳೆಯ ಪಟ್ಟಿಗಳಲ್ಲಿ ವಯಸ್ಸಾದಂತೆ ಸರಾಸರಿ ತೂಕ ಏರುತ್ತಿತ್ತು, ಅದನ್ನು ಸಹಜ ಅಂದುಕೊಂಡಿದ್ದರು. ಡಬ್ಲಿನ್ ಅದನ್ನು ಕಿತ್ತು ಹಾಕಿದರು: 25ನೇ ವಯಸ್ಸಿನಲ್ಲಿ ಏನಿರಬೇಕೋ ಅದೇ 60ರಲ್ಲೂ. ಇನ್ನೊಂದು, ಸಣ್ಣ ಮೂಳೆ, ಮಧ್ಯಮ, ದೊಡ್ಡ ಮೂಳೆ ಅಂತ ಮೂರು ಮೈಕಟ್ಟು ಮಾಡಿ ಮೂರು ಅಂಕಣ ಹಾಕಿದರು. ಯಾರದು ಯಾವ ಮೈಕಟ್ಟು ಅಂತ ಅಳೆದಿರಲಿಲ್ಲ! ನೀವೇ ಕನ್ನಡಿ ಮುಂದೆ ನಿಂತು ತೀರ್ಮಾನ ಮಾಡಿಕೊಳ್ಳಬೇಕು. ನಮ್ಮ ವಾರ್ಡಿನಲ್ಲಿ ಇಂಥ ಪಟ್ಟಿ ತೂಗುಹಾಕಿದ್ದಿದ್ದರೆ ನಾವೆಲ್ಲ 'ದೊಡ್ಡ ಮೂಳೆ'ಯವರೇ.

ಹೀಗೆ 'ಸರಾಸರಿ' ಅನ್ನುವ ಪದ 'ಆದರ್ಶ' ಆಯಿತು. ಪಾಲಿಸಿ ಬೆಲೆ ಕಟ್ಟಲು ಮಾಡಿದ ಪಟ್ಟಿ ಡಾಕ್ಟರ ಗೋಡೆ ಮೇಲೆ ಹೋಯಿತು, ತೂಕದ ಯಂತ್ರದ ಪಕ್ಕಕ್ಕೆ ಬಂತು. 1959ರಲ್ಲಿ 26 ಕಂಪನಿಗಳ ಸುಮಾರು 50 ಲಕ್ಷ ಪಾಲಿಸಿಗಳ ಲೆಕ್ಕ ಮಾಡಿ ಹೊಸ ಪಟ್ಟಿ ಮಾಡಿದರು, ಅದಕ್ಕೆ 'ಅಪೇಕ್ಷಣೀಯ ತೂಕ' ಅಂತ ಹೆಸರು. 50 ಲಕ್ಷ ಕೇಳೋಕೆ ದೊಡ್ಡದು. ಆದರೆ ಅದು 50 ಲಕ್ಷ ಮನುಷ್ಯರಲ್ಲ, ಪಾಲಿಸಿಗಳು. ಒಬ್ಬನೇ ಮೂರು ಪಾಲಿಸಿ ಮಾಡಿಸಿದ್ದರೆ ಮೂರು ಸಲ ಎಣಿಕೆ. ಕೆಲವರ ತೂಕ ಅವರೇ ಬಾಯಲ್ಲಿ ಹೇಳಿದ್ದು. ಜೀವನದಲ್ಲಿ ಒಂದು ಸಲ ಅರ್ಜಿ ಹಾಕಿದ ದಿನದ ತೂಕ, ಆಮೇಲೆ ಏನಾಯಿತೋ ಯಾರೂ ನೋಡಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಜನ ಯಾರು? ಬಹುಪಾಲು ಬಿಳಿಯರು, ಗಂಡಸರು, ಅನುಕೂಲಸ್ಥರು.

ಯಾಕೆ ಬಿಳಿಯರೇ ಅನ್ನೋದಕ್ಕೂ ಚರಿತ್ರೆ ಇದೆ, ಅದು ಚಂದದ್ದಲ್ಲ. ನಾನಿರುವ ನ್ಯೂಜೆರ್ಸಿಯ ನ್ಯೂವರ್ಕ್‌ನಲ್ಲೇ ಇದ್ದ ಪ್ರುಡೆನ್ಶಿಯಲ್ ಕಂಪನಿ 1881ರಲ್ಲಿ, ಕಪ್ಪು ಜನ ಅಷ್ಟೇ ಕಂತು ಕಟ್ಟಿದರೂ ಅವರಿಗೆ ಬಿಳಿಯರಿಗಿಂತ ಮೂರನೇ ಒಂದು ಭಾಗ ಕಡಿಮೆ ಹಣ ಅಂತ ನಿಯಮ ಮಾಡಿತು. ಮ್ಯಾಸಚೂಸೆಟ್ಸ್ 1884ರಲ್ಲಿ ಇಂಥ ಭೇದ ಕಾನೂನಿನಿಂದ ನಿಷೇಧಿಸಿತು. 1896ರಲ್ಲಿ ಅದೇ ಕಂಪನಿಯ ಸಂಖ್ಯಾಶಾಸ್ತ್ರಜ್ಞ ಫ್ರೆಡ್ರಿಕ್ ಹಾಫ್‌ಮನ್ ಒಂದು ಇಡೀ ಪುಸ್ತಕ ಬರೆದು, ಕಪ್ಪು ಜನ ಬೇಗ ಸಾಯುವುದು ಅವರ ಹುಟ್ಟುಗುಣ ಅಂತ ವಾದ ಮಾಡಿದರು. ಬಡತನ, ಕೊಳಕು ಓಣಿ, ಡಾಕ್ಟರಿಲ್ಲದಿರುವುದು ಅವರ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಕಡೆ ನೋಡಿದರೆ, ಬ್ರಿಟಿಷರ ಕಾಲದ ಯುರೋಪಿಯನ್ ಕಂಪನಿಗಳು ಮೊದಮೊದಲು ಭಾರತೀಯರಿಗೆ ವಿಮೆ ಕೊಡುತ್ತಲೇ ಇರಲಿಲ್ಲ. ಆಮೇಲೆ ಕೊಟ್ಟರೂ ಕೆಳದರ್ಜೆಯ ಜೀವ ಅಂತ ಹೆಚ್ಚು ಪ್ರೀಮಿಯಂ. 1870ರಲ್ಲಿ ಬಾಂಬೆ ಮ್ಯೂಚುವಲ್ ಶುರುವಾದ ಮೇಲೆ ಭಾರತೀಯರಿಗೆ ಸಾಮಾನ್ಯ ದರದಲ್ಲಿ ಜೀವ ವಿಮೆ ಸಿಕ್ಕಿತು. ಅಂದರೆ 'ಲೋಡಿಂಗ್' ನಮ್ಮ ದೇಶಕ್ಕೆ ಹೊಸದಲ್ಲ. ಒಂದು ಕಾಲದಲ್ಲಿ ಭಾರತೀಯನಾಗಿ ಹುಟ್ಟಿದ್ದೇ ಲೋಡಿಂಗ್‌ಗೆ ಕಾರಣ ಆಗಿತ್ತು.

ಸರಿ, ಬಿಎಂಐ ಎಲ್ಲಿ ಬಂತು? ಇಷ್ಟು ಹೊತ್ತೂ ಆ ಹೆಸರೇ ಇರಲಿಲ್ಲ. 1972ರಲ್ಲಿ ಮಿನೆಸೋಟದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ 7,424 ಆರೋಗ್ಯವಂತ ಗಂಡಸರನ್ನು ತೆಗೆದುಕೊಂಡು, ಎತ್ತರ-ತೂಕದ ಯಾವ ಲೆಕ್ಕ ಮೈಯ ಕೊಬ್ಬಿಗೆ ಹತ್ತಿರ ಬರುತ್ತೆ ಅಂತ ಪರೀಕ್ಷೆ ಮಾಡಿದರು. ಅಮೆರಿಕ, ಫಿನ್‌ಲ್ಯಾಂಡ್, ಇಟಲಿ, ಜಪಾನ್, ದಕ್ಷಿಣ ಆಫ್ರಿಕ. ಕೀಸ್ ಅವರಿಗೆ ವಿಮೆ ಕಂಪನಿಗಳ ಪಟ್ಟಿ ಅಂದರೆ ಆಗುತ್ತಿರಲಿಲ್ಲ. ಕೆಟ್ಲೆಯವರ ಹಳೆಯ ಲೆಕ್ಕವೇ ಇದ್ದವುಗಳಲ್ಲಿ ವಾಸಿ ಅಂತ ಹೇಳಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟರು. ತುಂಬ ಚೆನ್ನಾಗಿದೆ ಅನ್ನಲಿಲ್ಲ, ಬೇರೆಯವಕ್ಕಿಂತ ಕಡೆಯಲ್ಲ ಅಂದರು. ವಿಮೆ ಪಟ್ಟಿಯನ್ನು ಓಡಿಸಲು ತಂದ ಲೆಕ್ಕವನ್ನು ವಿಮೆ ಕಂಪನಿಗಳೇ ಎತ್ತಿಕೊಂಡವು. ಮೂರು ಅಂಕಣದ ಪಟ್ಟಿಗಿಂತ ಒಂದು ಅಂಕಿ ಕಂಪ್ಯೂಟರಿಗೆ ಸಲೀಸು.

ಅಂಕಿ ಬಂದ ಮೇಲೆ ಗೆರೆ ಎಲ್ಲಿ ಎಳೆಯೋದು? ನಮ್ಮ ತಮ್ಮನ 27.6 ಹಿಡಿದುಕೊಂಡೇ ನೋಡೋಣ. 1985ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಭೆ ಗಂಡಸರಿಗೆ 27.8, ಹೆಂಗಸರಿಗೆ 27.3 ಅಂತ ಗೆರೆ ಹಾಕಿತು. ಆ ಲೆಕ್ಕದಲ್ಲಿ ಇವನು ಸರಿಯಾಗಿದ್ದಾನೆ, ಕೂದಲೆಳೆಯಲ್ಲಿ. 1998ರಲ್ಲಿ ಅದೇ ಸಂಸ್ಥೆ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿಸಿಕೊಂಡು ಗೆರೆಯನ್ನು 25ಕ್ಕೆ ಇಳಿಸಿತು. ಕೋಟಿಗಟ್ಟಲೆ ಅಮೆರಿಕನ್ನರು ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ, ಒಂದು ಗ್ರಾಮೂ ಏರದೆ, 'ಅಧಿಕ ತೂಕ'ದವರಾದರು. ಆ ಲೆಕ್ಕದಲ್ಲಿ ಇವನೂ ಅಧಿಕ ತೂಕ. 2009ರಲ್ಲಿ ಭಾರತದ ತಜ್ಞರು ಕೂತು ನಮ್ಮವರಿಗೆ 23ರ ಮೇಲೆ ಅಧಿಕ ತೂಕ, 25ರ ಮೇಲೆ ಬೊಜ್ಜು ಅಂತ ಹೇಳಿದರು. ಆ ಲೆಕ್ಕದಲ್ಲಿ ಬೊಜ್ಜು. ಮನುಷ್ಯ ಒಬ್ಬನೇ, ಹೊಟ್ಟೆ ಒಂದೇ.

"ನೋಡು ಅಕ್ಕ, ಎಲ್ಲ ಸುಳ್ಳು ಅಂತಾಯ್ತಲ್ಲ" ಅಂದ. ಇಲ್ಲಪ್ಪ. ಭಾರತದ ಗೆರೆ ಕೆಳಗಿಳಿಯೋಕೆ ಬಲವಾದ ಕಾರಣ ಇದೆ.

2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು, ಜೊತೆಗೆ ಒಂದು ಫೋಟೋ. ಇಬ್ಬರು ಡಾಕ್ಟರು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ 22.3. ಇಬ್ಬರೂ ನೋಡೋಕೆ ತೆಳ್ಳಗೇ. ಯಂತ್ರದಲ್ಲಿ ಅಳೆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತಿಪಟೂರಿನ ನಮಗೆ ಇದನ್ನು ವಿವರಿಸೋದು ಸುಲಭ: ಎರಡು ತೆಂಗಿನಕಾಯಿ ತಕ್ಕಡಿಯಲ್ಲಿ ಸಮ ತೂಗಬಹುದು, ಒಡೆದರೆ ಒಂದರಲ್ಲಿ ನೀರು ಜಾಸ್ತಿ, ಇನ್ನೊಂದರಲ್ಲಿ ಕಾಯಿ ದಪ್ಪ. ಕೊಬ್ಬರಿ ವ್ಯಾಪಾರಿ ಬರೀ ತೂಕ ನೋಡಿ ಬೆಲೆ ಹೇಳುವವನಲ್ಲ, ಅಲ್ಲಾಡಿಸಿ ನೋಡ್ತಾನೆ.

ಇದು ಹುಟ್ಟಿನಿಂದಲೇ ಬರುತ್ತೆ. ಯಾಜ್ಞಿಕ್ ಅವರ ತಂಡ ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳನ್ನೂ ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳನ್ನೂ ಹೋಲಿಸಿತು. ನಮ್ಮವು ಸರಾಸರಿ 2.7 ಕಿಲೋ, ಅವರವು 3.5. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ನಮ್ಮ ಕೂಸುಗಳಲ್ಲಿ ಅಷ್ಟೇನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಮಾಂಸಖಂಡ.

ಮೈಸೂರಿನ ಹೆಸರೂ ಇಲ್ಲಿ ಬರುತ್ತೆ, ಕೇಳಿ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್ ಮೆಮೋರಿಯಲ್, ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಅರವತ್ತು ವರ್ಷ ಆದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಮೈಸೂರಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾಯಿತು: ಎರಡೂವರೆ ಕಿಲೋ ಅಥವಾ ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಶೇ. 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕಿಲೋ ಚಿಲ್ಲರೆಗೂ ಮೇಲಿದ್ದವರಲ್ಲಿ ಶೇ. 3. ಆ ರಾತ್ರಿಗಳಲ್ಲಿ ಕೂಸನ್ನು ತಕ್ಕಡಿಗೆ ಹಾಕಿ, ಕೈ ತೊಳೆದುಕೊಂಡು, ನಿದ್ದೆಗಣ್ಣಲ್ಲಿ ಅಂಕಿ ಬರೆದ ನರ್ಸಮ್ಮಂದಿರಿಗೆ ಇದು ಯಾವ ಕೆಲಸಕ್ಕೆ ಬರುತ್ತೆ ಅಂತ ಗೊತ್ತಿರಲು ಸಾಧ್ಯವೇ ಇಲ್ಲ. ಚಾರ್ಟ್ ಬರೆದು ಬರೆದು ಬೇಜಾರಾದಾಗ ನಾನು ಅವರನ್ನು ನೆನೆಯುತ್ತೀನಿ.

ಹಾಗಾಗಿ ನಮ್ಮವರ ವಿಷಯದಲ್ಲಿ 27.6 ಅನ್ನೋದನ್ನು ಪೂರ್ತಿ ತಳ್ಳಿಹಾಕೋ ಹಾಗಿಲ್ಲ, ಪೂರ್ತಿ ನಂಬೋ ಹಾಗೂ ಇಲ್ಲ. ನಮ್ಮ ವಾರ್ಡಿಗೆ ಹೃದಯ ಸೋತು ಕಾಲು ಊದಿಕೊಂಡು ಬರುವವರು ನಾಲ್ಕು ದಿನದಲ್ಲಿ ಐದಾರು ಕಿಲೋ ಇಳೀತಾರೆ, ಎಲ್ಲ ನೀರು. ಕಂಪ್ಯೂಟರ್ ಮಾತ್ರ ಪ್ರತಿ ದಿನ ಹೊಸ ಬಿಎಂಐ ಲೆಕ್ಕ ಹಾಕಿ ಬಣ್ಣ ಬದಲಿಸುತ್ತಾ ಇರುತ್ತೆ. 2023ರಲ್ಲಿ ಅಮೆರಿಕದ ವೈದ್ಯರ ಸಂಘವೇ, ಬಿಎಂಐ ಒಂದನ್ನೇ ನೆಚ್ಚಿಕೊಳ್ಳಬೇಡಿ, ಸೊಂಟದಂಥ ಬೇರೆ ಅಳತೆಗಳನ್ನೂ ನೋಡಿ ಅಂತ ನಿರ್ಣಯ ಮಾಡಿತು. ಸೊಂಟದ ಟೇಪು ತೆಗೀರಿ: ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದು ನಮ್ಮ ದೇಶದ ತಜ್ಞರು ಹಾಕಿದ ಗೆರೆ. ಪ್ಯಾಂಟಿನ ಸೈಜ್ ಹೇಳಬೇಡಿ, ಹೊಟ್ಟೆಯ ಕೆಳಗೆ ಕಟ್ಟುವ ಪ್ಯಾಂಟಿನ ಸೈಜ್ ಯಾವತ್ತೂ ಸುಳ್ಳೇ ಹೇಳುತ್ತೆ. ತಮ್ಮ ಅಳೆದು 97 ಅಂದ. ಶುಗರ್ ಇಲ್ಲ ಅಂದವನು ಪರೀಕ್ಷೆ ಮಾಡಿಸಿ ಎರಡು ವರ್ಷ ಆಗಿತ್ತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿಕೊಂಡು ಬಾ ಅಂದೆ. 6.1 ಬಂತು, ಗಡಿಯ ಮೇಲೆ. ಕಂಪನಿಯ ಲೋಡಿಂಗ್ ಬಗ್ಗೆ ಅವನಿಗಿದ್ದ ಸಿಟ್ಟು ಅದರಿಂದ ಕಡಿಮೆಯೇನೂ ಆಗಿಲ್ಲ, ಆಗಬೇಕಾಗಿಯೂ ಇಲ್ಲ. ಅನ್ನದ ತಟ್ಟೆ ಮಾತ್ರ ಚಿಕ್ಕದಾಗಿದೆ ಅಂತ ಅವನ ಹೆಂಡತಿ ಹೇಳಿದಳು.

ಈಗ ಏಜೆಂಟ್ ಹೇಳಿದ 70 ಕಿಲೋ ವಿಷಯ. ಲೆಕ್ಕ ಹಾಕಿ ನೋಡಿದೆ, 70 ಕಿಲೋಗೆ 24.8 ಬರುತ್ತೆ, 25ರ ಕೆಳಗೆ. ಆಸಾಮಿ ಲೆಕ್ಕದಲ್ಲಿ ಪಕ್ಕಾ. ಆದರೆ ಅರ್ಜಿಯ ಕೆಳಗೆ ಸಹಿ ನಿಮ್ಮದು, ಅವನದಲ್ಲ. ಕಂಪನಿಯವರು ಅರ್ಜಿಯ ದಿನ ತೂಕ ಹಾಕಿ ನೋಡೋದಿಲ್ಲ, ಸರಿ. ಆಸ್ಪತ್ರೆಗೆ ಸೇರಿದ ದಿನ ನರ್ಸ್ ತೂಕ ಹಾಕಿ ಕೇಸ್ ಶೀಟಿನಲ್ಲಿ ಬರೀತಾಳೆ. ನಾನೂ ಬರೀತೀನಿ, ಅದೇ ನಮ್ಮ ಮೊದಲ ಕೆಲಸ. ಕ್ಲೇಮ್ ಬಂದಾಗ ಅವರು ಬಿಚ್ಚಿ ನೋಡುವ ಮೊದಲ ಹಾಳೆ ಅದು. ಭಾರತದ ಆರೋಗ್ಯ ವಿಮೆಯಲ್ಲಿ ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಳ್ಳುವಂತಿಲ್ಲ. ಮುಂಚೆ ಅದು ಎಂಟು ವರ್ಷ ಇತ್ತು, 2024ರಲ್ಲಿ ಇಳಿಸಿದರು. ಜೀವ ವಿಮೆಗೆ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ. ಇಲ್ಲಿ ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವರ್ಷ. ಆ ಅವಧಿಯೊಳಗೆ ಏನಾದರೂ ಆದರೆ ಅವಳು ಮಕ್ಕಳನ್ನು ಕಟ್ಟಿಕೊಂಡು ಯಾರ ಆಫೀಸಿನ ಮುಂದೆ ನಿಲ್ಲಬೇಕು? ನಿಜ ಬರೆದು, ಎರಡು ಮೂರು ಕಂಪನಿಯ ದರ ಕೇಳಿ. ಒಂದೊಂದು ಕಂಪನಿಯ ಗೆರೆ ಒಂದೊಂದು ಕಡೆ ಇರುತ್ತೆ, ಅದರಲ್ಲಿ ಗುಟ್ಟೇನಿಲ್ಲ.

ಅಮೆರಿಕದ ಬಂಧುಗಳಿಗೆ ಒಂದು ಮಾತು. ಇಲ್ಲಿ 2014ರ ಜನವರಿಯಿಂದ ಆರೋಗ್ಯ ವಿಮೆಯವರು ತೂಕ ನೋಡಿ ಪಾಲಿಸಿ ನಿರಾಕರಿಸುವಂತಿಲ್ಲ, ದರ ಏರಿಸುವಂತಿಲ್ಲ. ನೀವೇ ಕೊಳ್ಳುವ ಪಾಲಿಸಿಯ ದರಕ್ಕೆ ವಯಸ್ಸು, ಊರು, ತಂಬಾಕು, ಮನೆಮಂದಿ ಎಷ್ಟು, ಇಷ್ಟೇ. ಒಬಾಮಾ ಕಾಲದ ಕಾನೂನು. ಅದಕ್ಕೆ ಮುಂಚೆ ಸ್ವಂತವಾಗಿ ವಿಮೆ ಕೊಳ್ಳಬೇಕಾಗಿದ್ದವರಿಗೆ ಬಿಎಂಐ ಒಂದೇ ಸಾಕಾಗುತ್ತಿತ್ತು ಬಾಗಿಲು ಮುಚ್ಚೋಕೆ. ಜೀವ ವಿಮೆಗೆ ಈ ರಕ್ಷಣೆ ಇಲ್ಲ, ಅಲ್ಲಿ ರಾಜರ್ಸ್ ಸಾಹೇಬರ ಪಟ್ಟಿಯ ವಂಶ ಇನ್ನೂ ಆಳುತ್ತಿದೆ. ಮಕ್ಕಳು ಚಿಕ್ಕವರಿರುವ ಮನೆಯವರು ಟರ್ಮ್ ಪಾಲಿಸಿಯನ್ನು 'ತೂಕ ಇಳಿಸಿದ ಮೇಲೆ ಮಾಡಿಸ್ತೀನಿ' ಅಂತ ಮುಂದೂಡಬೇಡಿ. ಇಳಿದ ಮೇಲೆ ದರ ಮತ್ತೆ ನೋಡಿ ಅಂತ ಕೇಳಬಹುದು.

ಇನ್ನು ಹೊಸ ತಮಾಷೆ. ಇಷ್ಟು ದಿನ ಈ ಅಂಕಿ ಜಾಸ್ತಿ ಇದ್ದರೆ ದಂಡ. ಈಗ ಕಡಿಮೆ ಇದ್ದರೂ ಬಾಗಿಲು ಮುಚ್ಚುತ್ತೆ. ಬೊಜ್ಜಿನ ಆಪರೇಷನ್‌ಗೆ 1991ರಲ್ಲಿ ಅಮೆರಿಕದ ಒಂದು ಸಭೆ ಬಿಎಂಐ 40, ಅಥವಾ ಗಂಭೀರ ಕಾಯಿಲೆ ಜೊತೆಗಿದ್ದರೆ 35 ಅಂತ ಗೆರೆ ಹಾಕಿತ್ತು. ನಿಮ್ಮ ಮನೆಯ ಭಾರತೀಯ ಪಾಲಿಸಿ ತೆಗೆದು ಹೊರಗಿಟ್ಟ ಖರ್ಚುಗಳ ಪಟ್ಟಿಯಲ್ಲಿ ಬೊಜ್ಜಿನ ಕಲಂ ಓದಿ, ಅದೇ 40, ಅದೇ 35 ಇರುತ್ತೆ. 2022ರಲ್ಲಿ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಂಘಗಳು ಆ ಗೆರೆ ಹಳತಾಯಿತು, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂದವು. ಪ್ರೀಮಿಯಂ ಏರಿಸುವಾಗ ಭಾರತೀಯನ ಮೈ ಅಂತ ಕೆಳಗಿನ ಗೆರೆ, ಆಪರೇಷನ್ ಖರ್ಚು ಕೊಡುವಾಗ ಅಮೆರಿಕನ್ನನ ಮೈ ಅಂತ ಮೇಲಿನ ಗೆರೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ. ವಾರಕ್ಕೊಂದು ಚುಚ್ಚಿಕೊಳ್ಳುವ ಔಷಧಿಗಳದ್ದೂ ಇದೇ ಕಥೆ, 30 ಅಥವಾ ಕಾಯಿಲೆ ಇದ್ದರೆ 27. 2025ರಲ್ಲಿ ಅವು ನಮ್ಮ ದೇಶಕ್ಕೂ ಬಂದಿವೆ. ಡಾಕ್ಟರ್ ಚೀಟಿ ಇಲ್ಲದೆ, ಪಕ್ಕದ ಮನೆಯವರು ತಗೊಂಡರು ಅಂತ ಯಾರೂ ಶುರು ಮಾಡಬೇಡಿ. ಆ ಬಗ್ಗೆ ಇನ್‌ಬಾಕ್ಸಿಗೆ ಬಂದಿರುವ ಒಂಬತ್ತು ಪ್ರಶ್ನೆಗಳಿಗೆ ಮುಂದಿನ ಭಾಗದಲ್ಲಿ ಉತ್ತರ ಬರೀತೀನಿ. ಪಾಲಿಸಿಯ ಬೊಜ್ಜಿನ ಕಲಂ ಇರುವ ಪುಟದ ಫೋಟೋ ಯಾರಾದರೂ ಕಳಿಸೋದಿದ್ದರೆ, ಹೆಸರು ಮತ್ತು ಪಾಲಿಸಿ ನಂಬರ್ ಮುಚ್ಚಿ ಕಳಿಸಿ.